ಊರುಗೋಲಿಗೊಂದು ಫ್ಯಾನು

ನಮ್ಮ ಓಣಿಯ ಮುತ್ಯಾ ಒಬ್ಬರಿಗೆ ಪುಣೆಯಲ್ಲಿರುವ ಮೊಮ್ಮಗ ಆನ್‌ಲೈನಿನಲ್ಲಿ ಒಂದು ಊರುಗೋಲು ತರಿಸಿ ಕಳಿಸಿದ್ದ. ಅಲ್ಯೂಮಿನಿಯಂ ಕೋಲು, ಹಿಡಿಯ ಕೆಳಗೆ ಅಂಗೈಯಗಲದ ಫ್ಯಾನು, ಅದರ ಕೆಳಗೆ ಟಾರ್ಚು, ಪಕ್ಕದಲ್ಲಿ ಚಾರ್ಜಿಗೆ ಹಾಕುವ ತೂತು. ಕಲಬುರಗಿಯ ಏಪ್ರಿಲ್ ತಿಂಗಳು. ಎರಡು ದಿನ ಹಿಡಿದು ತಿರುಗಾಡಿ, ಮೂರನೇ ದಿನ ನಮ್ಮ ಮನೆಯ ಕಟ್ಟೆಗೆ ಬಂದು ಕೂತರು.

"ಗುರುಗಳ, ಇದರ ಗಾಳಿ ಬರೀ ಹೊಟ್ಟಿಗಿ ಬಡೀತದ ನೋಡ್ರಿ, ಮಾರಿಗಿ ಬರಂಗಿಲ್ಲ. ನಾ ಏನರ ತಪ್ಪ ಹಿಡದೀನೇನು?"

"ತಪ್ಪು ನಿಮ್ಮದಲ್ಲ ಮುತ್ಯಾ, ಬಡಿಗಿದು" ಎಂದೆ. ಕೋಲಿನ ಹಿಡಿ ಇರಬೇಕಾದದ್ದೇ ಸೊಂಟದ ಹತ್ತಿರ. ಅಲ್ಲಿ ಕೂತ ಫ್ಯಾನು ಮುಖಕ್ಕೆ ಗಾಳಿ ಹಾಕುವುದಾದರೂ ಹೇಗೆ?

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು. ಅವತ್ತು ಕಟ್ಟೆಯ ಮೇಲೆ ಶುರುವಾದ ಪಾಠವನ್ನೇ ಇಲ್ಲಿ ಬರೆಯುತ್ತಿದ್ದೇನೆ. ಮನೆಯ ಹಿರಿಯರಿಗೆ ಫ್ಯಾನಿನ ಕೋಲು, ಕೊಡೆಯ ಕೋಲು, ಕುರ್ಚಿಯಾಗುವ ಕೋಲು, ತಂಪು ಹಿಡಿಯ ಕೋಲು, ಚಪ್ಪರವಿರುವ ಗಾಲಿಯ ವಾಕರ್ ಇಂಥವನ್ನು ಕೊಳ್ಳಬೇಕೆಂದಿರುವವರು ಅಂಗಡಿಗೆ ಹೋಗುವ ಮುಂಚೆ ಒಮ್ಮೆ ಓದಿಕೊಂಡರೆ ಸಾಕು. ಫಿಸಿಕ್ಸ್ ಮರೆತುಹೋಗಿದ್ದರೂ ಅಡ್ಡಿಯಿಲ್ಲ.

ಊರುಗೋಲಿಗೂ ಸೆಕೆಗೂ ಏನು ಸಂಬಂಧ, ಇದೆಲ್ಲ ವ್ಯಾಪಾರದ ಆಟ ಎಂದು ನಗುವವರಿದ್ದಾರೆ. ಸಂಬಂಧ ಇದೆ. ಮೈ ಕಾದಾಗ ಚರ್ಮದ ರಕ್ತನಾಳಗಳು ಹಿಗ್ಗುತ್ತವೆ, ಒಳಗಿನ ಶಾಖವನ್ನು ಹೊರಕ್ಕೆ ಸಾಗಿಸಲು ರಕ್ತ ಚರ್ಮದ ಕಡೆಗೆ ಓಡುತ್ತದೆ. ಬೆವರಿ ನೀರೂ ಕಡಿಮೆಯಾಗಿರುತ್ತದೆ. ಆಗ ಕೂತವರು ಥಟ್ಟನೆ ಎದ್ದರೆ ಬಿಪಿ ಇಳಿದು ಕಣ್ಣು ಕತ್ತಲೆ ಬರುತ್ತದೆ, ಕಾಲು ತಪ್ಪುತ್ತದೆ. ವಯಸ್ಸಾದಂತೆ ಬೆವರುವುದೂ ಕಮ್ಮಿ, ಬಾಯಾರಿಕೆ ಗೊತ್ತಾಗುವುದೂ ಕಮ್ಮಿ. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವವರಲ್ಲಿ ನೀರು ಇನ್ನೂ ಬೇಗ ಖಾಲಿ. ಅಂದರೆ ಕೋಲು ಹಿಡಿದವರು ಯಾವುದಕ್ಕೆ ಹೆದರಿ ಕೋಲು ಹಿಡಿದಿದ್ದಾರೋ ಆ ಬೀಳುವ ಭಯವನ್ನು ಬಿಸಿಲು ಹೆಚ್ಚಿಸುತ್ತದೆ. ಇನ್ನೊಂದು ಲೆಕ್ಕವೂ ಇದೆ. ಗಂಟೆಗೆ 4 ಕಿಲೋಮೀಟರ್ ನಡೆಯುವವರಿಗೆ 500 ಮೀಟರ್ ದೂರದ ಪೋಸ್ಟಾಫೀಸು ಏಳೂವರೆ ನಿಮಿಷದ ದಾರಿ. ವಾಕರ್ ಎತ್ತಿ ಇಟ್ಟು, ಎತ್ತಿ ಇಟ್ಟು ಗಂಟೆಗೆ 1.2 ಕಿಲೋಮೀಟರ್ ಸಾಗುವವರಿಗೆ ಅದೇ ದಾರಿ 25 ನಿಮಿಷ. ಬಿಸಿಲಲ್ಲಿ ಇರುವುದು ಮೂರು ಪಟ್ಟಿಗೂ ಹೆಚ್ಚು ಹೊತ್ತು, ಹೆಜ್ಜೆ ಹೆಜ್ಜೆಗೂ ಹೆಚ್ಚಿನ ಶ್ರಮ ಬೇರೆ. ಮೊಮ್ಮಗನ ಕಾಳಜಿ ಸರಿಯಾದದ್ದೇ. ಆರಿಸಿದ ವಸ್ತು ಸರಿಯೇ ಎಂಬುದಷ್ಟೇ ಪ್ರಶ್ನೆ.

ತಂಪಿನ ಮಾತಿಗೆ ಮುಂಚೆ ಕೋಲಿನ ಮಾತು ಮುಗಿಸಿಬಿಡೋಣ. ದಿನವೂ ಮೆಟ್ಟುವ ಚಪ್ಪಲಿ ಹಾಕಿಕೊಂಡು ನೇರ ನಿಂತು ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತದೋ ಅಲ್ಲಿಗೆ ಹಿಡಿಯ ತುದಿ ಬರಬೇಕು. ಹಾಗಿದ್ದರೆ ಹಿಡಿದಾಗ ಮೊಣಕೈ 15ರಿಂದ 30 ಡಿಗ್ರಿಯಷ್ಟು ಮಡಚಿರುತ್ತದೆ, ಊರಲು ಬಲ ಸಿಗುತ್ತದೆ. ಕೋಲು ನೋವಿರುವ ಕಾಲಿನ ಪಕ್ಕದಲ್ಲಲ್ಲ, ಅದರ ಎದುರು ಕೈಯಲ್ಲಿರಬೇಕು. ಎಡಮಂಡಿ ನೋವಾದರೆ ಕೋಲು ಬಲಗೈಯಲ್ಲಿ, ಎಡಗಾಲೂ ಕೋಲೂ ಒಟ್ಟಿಗೆ ಮುಂದಕ್ಕೆ. ಇದನ್ನು ಹೇಳಿದಾಗ ಹತ್ತರಲ್ಲಿ ಏಳು ಜನ ನನ್ನನ್ನು ನಂಬುವುದಿಲ್ಲ. ಒಮ್ಮೆ ನಡೆದು ನೋಡಿದ ಮೇಲೆ ನಂಬುತ್ತಾರೆ. ಕೆಳತುದಿಯ ರಬ್ಬರ್ ಬುಷ್ ಸವೆದು ನುಣುಪಾಗಿದ್ದರೆ ಬದಲಿಸಬೇಕು. ಇಷ್ಟು ಸರಿ ಇಲ್ಲದ ಕೋಲಿಗೆ ಫ್ಯಾನಲ್ಲ, ಏರ್ ಕಂಡೀಷನರನ್ನೇ ಕಟ್ಟಿದರೂ ಪ್ರಯೋಜನವಿಲ್ಲ.

ಈಗ ತಂಪು. ನಮ್ಮ ಮೈ ಒಂದು ಒಲೆ. ಸುಮ್ಮನೆ ಕೂತವರ ದೇಹವೂ ಸುಮಾರು 100 ವಾಟ್‌ನಷ್ಟು ಶಾಖ ಹುಟ್ಟಿಸುತ್ತದೆ, ಹಳೆಯ ಗುಂಡು ಬಲ್ಬಿನ ಲೆಕ್ಕ. ನಿಧಾನವಾಗಿ ನಡೆದರೆ ಅದು ಸುಮಾರು 200 ವಾಟ್. ಹುಟ್ಟಿದ್ದೆಲ್ಲ ಹೊರಗೆ ಹೋಗಲೇಬೇಕು. ಗಾಳಿ ಚರ್ಮಕ್ಕಿಂತ ತಂಪಾಗಿದ್ದರೆ ಒಂದಷ್ಟು ಶಾಖ ಗಾಳಿಗೇ ಹೋಗುತ್ತದೆ. ಚರ್ಮದ ಬಿಸಿ ಸುಮಾರು 35 ಡಿಗ್ರಿ. ಹೊರಗೆ 41 ಇದ್ದಾಗ ಈ ದಾರಿ ಮುಚ್ಚುವುದಷ್ಟೇ ಅಲ್ಲ, ತಿರುಗುಮುರುಗಾಗುತ್ತದೆ, ಗಾಳಿಯೇ ಮೈಗೆ ಶಾಖ ತುಂಬುತ್ತದೆ. ಆಗ ಉಳಿಯುವುದು ಬೆವರೊಂದೇ. ಒಂದು ಗ್ರಾಂ ಬೆವರು ಆರುವಾಗ ಸುಮಾರು 2,400 ಜೂಲ್ ಶಾಖವನ್ನು ಮೈಯಿಂದ ಕಿತ್ತುಕೊಂಡು ಹೋಗುತ್ತದೆ. ಆರಿದರೆ ಮಾತ್ರ! ತೊಟ್ಟಿಕ್ಕಿ ನೆಲಕ್ಕೆ ಬಿದ್ದ ಬೆವರು ದಂಡ. ಮಣ್ಣಿನ ಹೂಜಿಯ ನೀರು ತಂಪಾಗುವುದು ಇದೇ ಲೆಕ್ಕದಲ್ಲಿ. ಹೂಜಿ ಬೆವರುತ್ತದೆ, ಸ್ಟೀಲ್ ಕೊಡ ಬೆವರುವುದಿಲ್ಲ.

ಈ ಹೂಜಿಯನ್ನು ನೆನಪಿನಲ್ಲಿಟ್ಟುಕೊಂಡು ಫ್ಯಾನಿಗೆ ಬನ್ನಿ. ಫ್ಯಾನು ತಂಪನ್ನು ಹುಟ್ಟಿಸುವ ಯಂತ್ರವಲ್ಲ. ಇರುವ ಗಾಳಿಯನ್ನು ನೂಕುತ್ತದೆ, ಬೆವರು ಆರಲು ನೆರವಾಗುತ್ತದೆ, ಅಷ್ಟೆ. ಮಂಗಳೂರಿನಲ್ಲಿ 34 ಡಿಗ್ರಿ, ಗಾಳಿಯ ತುಂಬ ತೇವ, ಬೆವರು ಮೈಮೇಲೇ ಅಂಟಿಕೊಂಡಿರುತ್ತದೆ. ಅಲ್ಲಿ ಪುಟ್ಟ ಫ್ಯಾನೂ ವರ. ಕಲಬುರಗಿ, ರಾಯಚೂರಿನ ಒಣಗಾಳಿಯಲ್ಲಿ ಬೆವರು ಯಾರ ಸಹಾಯವೂ ಇಲ್ಲದೆ ತಾನೇ ಆರುತ್ತದೆ. ಅಂಥಲ್ಲಿ 42 ಡಿಗ್ರಿಯ ಗಾಳಿಯನ್ನು ಮುಖಕ್ಕೆ ನೂಕಿದರೆ ಒಲೆಗೆ ಊದಿದಂತೆ. ಸಿಡ್ನಿ ವಿಶ್ವವಿದ್ಯಾಲಯದ ಸಂಶೋಧಕರು ಇದನ್ನೇ ಲೆಕ್ಕ ಹಾಕಿ 2021ರಲ್ಲಿ ಪ್ರಕಟಿಸಿದರು: ಆರೋಗ್ಯವಂತ ತರುಣರಿಗೆ 39 ಡಿಗ್ರಿಯವರೆಗೆ ಫ್ಯಾನು ಉಪಯೋಗಕ್ಕೆ ಬರುತ್ತದೆ, ವಯಸ್ಸಾದವರಿಗೆ 38ರವರೆಗೆ, ಬೆವರು ತಗ್ಗಿಸುವ ಕೆಲವು ಮಾತ್ರೆ ತೆಗೆದುಕೊಳ್ಳುವ ಹಿರಿಯರಿಗೆ 37ರವರೆಗೆ. ವಿಶ್ವ ಆರೋಗ್ಯ ಸಂಸ್ಥೆಯೂ 40 ಡಿಗ್ರಿ ದಾಟಿದ ಮೇಲೆ ಫ್ಯಾನು ಮೈಯನ್ನು ಕಾಯಿಸುತ್ತದೆ ಎಂದು ಎಚ್ಚರಿಸುತ್ತದೆ. ಹೀಗಾಗಿ ನಾನು ಕೇಳಿದವರಿಗೆ ಹೇಳುವುದು ಇಷ್ಟು: ಕರಾವಳಿಗೆ ಗಾಳಿ, ನಮ್ಮ ಬಯಲುಸೀಮೆಗೆ ನೀರು.

ಕೋಲಿನ ಫ್ಯಾನಿಗೆ ಇನ್ನೊಂದು ತೊಡಕಿದೆ, ಮುತ್ಯಾ ತಾವೇ ಕಂಡುಹಿಡಿದದ್ದು. ಅದು ಸೊಂಟದೆತ್ತರದಲ್ಲಿದೆ, ಮೇಲಾಗಿ ಕೋಲು ಹೆಜ್ಜೆಗೊಮ್ಮೆ ಹಿಂದೆ ಮುಂದೆ ಓಲಾಡುತ್ತದೆ. ಅಂಗೈಯಗಲದ ಫ್ಯಾನಿನ ಗಾಳಿ ಒಂದು ಮೊಳ ದಾಟುವಷ್ಟರಲ್ಲಿ ಸೊರಗುತ್ತದೆ, ದಿಕ್ಕೂ ನಿಲ್ಲದಿದ್ದರೆ ಮುಗಿಯಿತು. ಜಪಾನಿನಲ್ಲಿ ಹಿರೋಶಿ ಇಚಿಗಾಯಾ ಎಂಬ, ಹಿಂದೆ ಸೋನಿಯಲ್ಲಿದ್ದ ಎಂಜಿನಿಯರ್ ಈ ಸಮಸ್ಯೆಯನ್ನು ಬೇರೆ ಥರ ಬಿಡಿಸಿದರು. ಅಂಗಿಗೇ ಎರಡು ಪುಟ್ಟ ಫ್ಯಾನು ಕೂರಿಸಿ, ಬಟ್ಟೆಗೂ ಮೈಗೂ ನಡುವೆ ಗಾಳಿ ಹರಿಸಿದರು. 2004ರ ಹೊತ್ತಿಗೆ ಅದು ಕೂಚೋಫುಕು ಎಂಬ ಹೆಸರಿನಲ್ಲಿ ಮಾರಾಟಕ್ಕೆ ಬಂತು, ಇವತ್ತು ಅಲ್ಲಿ ಕಟ್ಟಡ ಕೆಲಸಗಾರರ ಮೈಮೇಲೆ ಅಂಥ ಜಾಕೆಟ್ ಕಾಣುತ್ತದೆ. ಬೆವರು ಎಲ್ಲಿದೆಯೋ ಅಲ್ಲಿಗೇ ಗಾಳಿ ಹೋಗಬೇಕು. ಕೋಲಿನ ಮೇಲೆ ಬೆವರಿಲ್ಲ.

ತೂಕದ ಮಾತೂ ಇದೆ. ಸಾದಾ ಅಲ್ಯೂಮಿನಿಯಂ ಕೋಲು ಅರ್ಧ ಕಿಲೋ ಒಳಗೇ ಇರುತ್ತದೆ. ಅದಕ್ಕೆ ಫ್ಯಾನು, ಬ್ಯಾಟರಿ, ಟಾರ್ಚು ಎಂದು ಸೇರಿಸುತ್ತ ಹೋದರೆ ದಿನಕ್ಕೆ ಸಾವಿರ ಸಲ ಎತ್ತುವ ಕೈಗೆ ಸಂಜೆ ಅದು ಗೊತ್ತಾಗುತ್ತದೆ. ಒಳಗಿರುವುದು ಸಾಮಾನ್ಯವಾಗಿ 18650 ಎಂಬ ಲೀಥಿಯಂ ಸೆಲ್. ಈ ಅಂಕಿಯಲ್ಲಿ ಗುಟ್ಟೇನೂ ಇಲ್ಲ, 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ ಎಂದರ್ಥ. ಒಳ್ಳೆಯ ಸೆಲ್ಲಿನಲ್ಲಿ ಸುಮಾರು 9 ವಾಟ್-ಗಂಟೆ ವಿದ್ಯುತ್ತಿದ್ದರೆ 3 ವಾಟ್‌ನ ಫ್ಯಾನು ಹೆಚ್ಚೆಂದರೆ ಮೂರು ಗಂಟೆ ತಿರುಗುತ್ತದೆ. ಪೆಟ್ಟಿಗೆಯ ಮೇಲೆ 12 ಗಂಟೆ ಎಂದು ಬರೆದಿದ್ದರೆ ಭಾಗಾಕಾರ ಮಾಡಿ ನೋಡಿ. ಬಿಸಿಲಿಗೆ ಕಾದ ಕೋಲನ್ನು ತಂದು ಹಾಗೇ ಚಾರ್ಜಿಗೆ ಹಾಕಬೇಡಿ, ನಿಂತ ಕಾರಿನೊಳಗೂ ಬಿಡಬೇಡಿ. ಇಂಥ ಸೆಲ್ಲುಗಳನ್ನು 45 ಡಿಗ್ರಿಗಿಂತ ಬಿಸಿಯಾಗಿರುವಾಗ ಚಾರ್ಜ್ ಮಾಡಬಾರದು.

ಇನ್ನು ಹಿಡಿಯನ್ನೇ ತಣ್ಣಗೆ ಮಾಡುವ ಕೋಲು. ಇದರ ಹಿಂದೆ ನಿಜವಾದ ವಿಜ್ಞಾನವಿದೆ. ಅಂಗೈಯ ಚರ್ಮದಲ್ಲಿ ರಕ್ತ ಬೇಗ ಹರಿಯಲು ವಿಶೇಷ ಅಡ್ಡದಾರಿಗಳಿವೆ, ಅದು ದೇಹದ ರೇಡಿಯೇಟರ್ ಇದ್ದಂತೆ. ಅಮೆರಿಕದ ಸ್ಟ್ಯಾನ್‌ಫರ್ಡ್‌ನಲ್ಲಿ ಕ್ರೇಗ್ ಹೆಲ್ಲರ್ ಮತ್ತು ಡೆನಿಸ್ ಗ್ರಾನ್ ಅಂಗೈ ತಂಪು ಮಾಡುವ ಬಗ್ಗೆ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಆದರೆ ಅತಿಯಾಗಿ ತಣ್ಣಗಾದರೆ ಆ ನಾಳಗಳೇ ಮುಚ್ಚಿಕೊಳ್ಳುತ್ತವೆ, ಹದ ಮುಖ್ಯ. ಕೋಲಿನ ಹಿಡಿಯಲ್ಲಿ ಕೂರುವಷ್ಟು ಚಿಕ್ಕ ವ್ಯವಸ್ಥೆ ಎಷ್ಟು ಶಾಖ ಹೀರೀತು? ಕೆಲವು ಹಿಡಿಗಳಲ್ಲಿ ಹದವಾದ ಬಿಸಿಗೆ ಕರಗುವ ಮೇಣದಂಥ ವಸ್ತುವಿನ ಪೊಟ್ಟಣವಿರುತ್ತದೆ. ಅದು ಕಿಲೋಗೆ ಸುಮಾರು 200 ಕಿಲೋಜೂಲ್ ಹೀರುತ್ತದೆ ಎಂದುಕೊಳ್ಳಿ. 150 ಗ್ರಾಂ ಪೊಟ್ಟಣವಾದರೆ 30 ಕಿಲೋಜೂಲ್. ನಡೆಯುವವರು 200 ವಾಟ್ ಹುಟ್ಟಿಸುತ್ತಿದ್ದರೆ ಇದು ಎರಡೂವರೆ ನಿಮಿಷದ ಶಾಖಕ್ಕೆ ಸಮ. ಅಷ್ಟೇ ತೂಕದ ಮಂಜುಗಡ್ಡೆ ಕರಗಿದರೆ ನಾಲ್ಕು ನಿಮಿಷ. ಅಷ್ಟೇ ತೂಕದ ನೀರು, ಮುಕ್ಕಾಲು ಲೋಟ ಎನ್ನಿ, ಮೈಮೇಲೆ ಪೂರ್ತಿ ಆರಿದರೆ ಮೂವತ್ತು ನಿಮಿಷ! ಈ ಲೆಕ್ಕವನ್ನು ಮಕ್ಕಳಿಗೆ ಹಲಗೆಯ ಮೇಲೆ ಮಾಡಿ ತೋರಿಸುತ್ತಿದ್ದೆ, ಉತ್ತರ ಬಂದಾಗ ಪ್ರತಿ ವರ್ಷವೂ ಯಾರೋ ಒಬ್ಬರು ಗುಣಾಕಾರ ತಪ್ಪಾಗಿದೆ ಸರ್ ಎನ್ನುತ್ತಿದ್ದರು. ತಪ್ಪಾಗಿಲ್ಲ. ಬ್ಯಾಟರಿಯಿಂದ ತಣ್ಣಗಾಗುವ ಹಿಡಿಗಳೂ ಇವೆ. ಫ್ರಾನ್ಸಿನ ಪೆಲ್ತಿಯೆ 1834ರಲ್ಲಿ ಗುರುತಿಸಿದ ತತ್ವ ಅದರೊಳಗಿದೆ: ಎರಡು ಬೇರೆ ಲೋಹಗಳ ಜೋಡಣೆಯಲ್ಲಿ ವಿದ್ಯುತ್ ಹರಿದಾಗ ಒಂದು ಬದಿ ತಣ್ಣಗೆ, ಇನ್ನೊಂದು ಬದಿ ಬಿಸಿ. ಆ ಬಿಸಿಯನ್ನು ಎಲ್ಲಿಗೆ ಬಿಡುತ್ತೀರಿ ಎಂದು ಅಂಗಡಿಯವರನ್ನು ಕೇಳಿ ನೋಡಿ.

ಹಾಗಾದರೆ ನೀರು ಸಿಂಪಡಿಸುವ ಕೋಲೇ ಒಳ್ಳೆಯದಲ್ಲವೇ? ಒಣಸೀಮೆಯಲ್ಲಿ ಒಳ್ಳೆಯದೇ, ಆದರೆ ಅದಕ್ಕೆ ಕೋಲೇ ಬೇಕೆಂದಿಲ್ಲ. ಇಸ್ತ್ರಿ ಮಾಡುವಾಗ ಹಿಡಿಯುವ ಸ್ಪ್ರೇ ಬಾಟಲಿ ಸಾಕು, ಒದ್ದೆ ಟವೆಲ್ಲು ಕತ್ತಿಗೆ ಸುತ್ತಿಕೊಂಡರೂ ಸಾಕು. ಕೋಲಿನಿಂದ ಸಿಂಪಡಿಸಿದ ನೀರು ನೆಲಕ್ಕೆ ಬೀಳುತ್ತದೆ. ಒದ್ದೆಯಾದ ಟೈಲ್ಸ್ ಅಥವಾ ಗ್ರಾನೈಟ್ ಮೇಲೆ ರಬ್ಬರ್ ಬುಷ್ಷೂ ಜಾರುತ್ತದೆ. ಬೀಳದಿರಲೆಂದು ಹಿಡಿದ ಕೋಲೇ ಜಾರುಬಂಡೆ ತಯಾರಿಸಿದರೆ ಏನು ಹೇಳೋಣ?

ನನಗೆ ಹೆಚ್ಚು ಪ್ರೀತಿ ಕೊಡೆಯ ಕೋಲಿನ ಮೇಲೆ. ಪತ್ರಿಕೆಯಲ್ಲಿ ಬರುವ 41 ಡಿಗ್ರಿ ನೆರಳಿನ ಲೆಕ್ಕ. ಹವಾಮಾನ ಇಲಾಖೆಯ ಥರ್ಮಾಮೀಟರು ಬಿಸಿಲು ತಾಕದ ಬಿಳಿ ಪೆಟ್ಟಿಗೆಯೊಳಗೆ ಇರುತ್ತದೆ. ರಸ್ತೆಗಿಳಿದವರಿಗೆ ಅದರ ಮೇಲೆ ಬಿಸಿಲಿನ ಹೊರೆ. ನಡುಹಗಲಿನ ಬಿಸಿಲು ಎದುರಾದ ಪ್ರತಿ ಚದರ ಮೀಟರಿಗೆ ಸುಮಾರು 1,000 ವಾಟ್ ಸುರಿಯುತ್ತದೆ. ನಿಂತ ಮನುಷ್ಯನ ಮೈಗೆ ಅದರಲ್ಲಿ ಐದನೇ ಒಂದು ಪಾಲು ಸೇರಿತು ಎಂದುಕೊಂಡರೂ 200 ವಾಟ್, ಅಂದರೆ ನಡೆದಾಡಿ ತಾನೇ ಹುಟ್ಟಿಸುವಷ್ಟು ಶಾಖ. ಒಂದು ಕೊಡೆ ಬಿಚ್ಚಿದರೆ ಅದರಲ್ಲಿ ಬಹುಪಾಲು ತಪ್ಪುತ್ತದೆ. ಬ್ಯಾಟರಿ ಬೇಡ, ಚಾರ್ಜರ್ ಬೇಡ. ಮಲೆನಾಡು, ಕರಾವಳಿಯ ಅಜ್ಜಂದಿರು ಬಾಗಿದ ಮರದ ಹಿಡಿಯ ಉದ್ದ ಕರಿ ಕೊಡೆಯನ್ನು ಮಳೆಗೂ ಬಿಸಿಲಿಗೂ ಊರಿ ನಡೆಯುವುದಕ್ಕೂ ಒಟ್ಟಿಗೇ ಬಳಸುವುದನ್ನು ನೋಡಿದವರಿಗೆ ಇದು ಹೊಸ ಆವಿಷ್ಕಾರವೇನಲ್ಲ.

ಆದರೆ ಇಲ್ಲೊಂದು ಸರಳ ಮೋಸವಿದೆ, ಕೊಳ್ಳುವಾಗ ಯಾರಿಗೂ ಹೊಳೆಯುವುದಿಲ್ಲ. ಕೊಡೆ ಬಿಚ್ಚಿದ ಕ್ಷಣ ಕೋಲು ಮಾಯ! ಊರಿ ನಡೆಯುತ್ತಿದ್ದದ್ದು ಈಗ ತಲೆಯ ಮೇಲಿದೆ. ಹಳೆಯ ಅಜ್ಜಂದಿರಿಗೆ ಅದು ನಡೆದದ್ದು, ಅವರಿಗೆ ಕೋಲು ಅಭ್ಯಾಸವಾಗಿತ್ತೇ ಹೊರತು ಆಧಾರವಾಗಿರಲಿಲ್ಲ ಎಂಬ ಕಾರಣಕ್ಕೆ. ಪಾರ್ಶ್ವವಾಯು ಆದವರಿಗೆ, ಸೊಂಟದ ಕೀಲು ಬದಲಿಸಿಕೊಂಡವರಿಗೆ ಈ ಕೊಡೆ ಆಗದು. ಮಾದರಿಗಳಲ್ಲಿ ಇನ್ನೊಂದು ಬಗೆಯಿದೆ, ಕೋಲಿನ ಕೊಳವೆಯೊಳಗಿಂದ ಕೊಡೆಯನ್ನು ಹೊರಗೆಳೆದರೆ ಕೋಲೂ ಉಳಿಯುತ್ತದೆ. ಆಗ ಎರಡೂ ಕೈ ತುಂಬಿದವು, ಎಡವಿದರೆ ಕಂಬಿ ಹಿಡಿಯಲು ಮೂರನೇ ಕೈ ಬೇಕು. ಸಾದಾ ಕೊಡೆಯ ತುದಿ ಲೋಹದ್ದು, ಹಾಸುಗಲ್ಲಿನ ಮೇಲೆ ಸರ್ರನೆ ಜಾರುತ್ತದೆ. ಅದನ್ನೇ ಊರುವವರು ತುದಿಗೆ ಅಗಲವಾದ ರಬ್ಬರ್ ಬುಷ್ ಹಾಕಿಸಲೇಬೇಕು. ಕೋಲನ್ನು ಬಿಡಲಾಗದವರಿಗೆ ಅಗಲ ಅಂಚಿನ ಟೋಪಿ, ತಲೆಗೆ ಒದ್ದೆ ಟವೆಲ್ಲು, ಜೊತೆಗೆ ಬಂದವರ ಕೈಯಲ್ಲಿ ಕೊಡೆ. ನಾನು ನೋಡಿದ ಅತ್ಯುತ್ತಮ ಕೊಡೆ-ಕೋಲು ಮೊಮ್ಮಗಳೊಬ್ಬಳು ಅಜ್ಜಿಯ ಪಕ್ಕದಲ್ಲಿ ಹಿಡಿದು ನಡೆಯುತ್ತಿದ್ದದ್ದು.

ಕುರ್ಚಿಯಾಗುವ ಕೋಲನ್ನು ತಂಪಿನ ಸಾಧನ ಎಂದು ಯಾವ ಅಂಗಡಿಯವರೂ ಮಾರುವುದಿಲ್ಲ, ನಾನಾದರೆ ಹಾಗೇ ಮಾರುತ್ತಿದ್ದೆ. 200 ವಾಟ್ ಹುಟ್ಟಿಸುತ್ತಿದ್ದ ಮೈ ಕೂತರೆ 100ಕ್ಕೆ ಇಳಿಯುತ್ತದೆ. ಬೇವಿನ ಮರದ ಕೆಳಗೆ ಐದು ನಿಮಿಷ ಕೂತರೆ ಒಲೆಯ ಉರಿ ಅರ್ಧವಾಯಿತು, ಬಿಸಿಲಿನ 200ರಲ್ಲಿ ಬಹುಪಾಲು ನಿಂತಿತು. ಯಾವ ಫ್ಯಾನು ಇಷ್ಟು ಕೊಟ್ಟೀತು? ಬಿಚ್ಚಿದರೆ ಮೂರು ಕಾಲಿನ ಸ್ಟೂಲಾಗುವ ಇಂಥ ಕೋಲು ಬೇಗ ದಣಿಯುವವರಿಗೆ ಒಳ್ಳೆಯದು, ತೋಲ ತಪ್ಪುವವರಿಗೆ ಅಲ್ಲ. ಸ್ಟೂಲಿಗೆ ಬೆನ್ನಿಲ್ಲ, ತೋಳಿಲ್ಲ, ಏಳುವಾಗ ಮಂಡಿಯೇ ಗತಿ. ಎಷ್ಟು ತೂಕ ತಡೆಯುತ್ತದೆ ಎಂದು ಅದರ ಚೀಟಿಯಲ್ಲಿ ಓದಿಕೊಳ್ಳಿ. ಮನೆಯಲ್ಲಿ ಗೋಡೆಯ ಪಕ್ಕ ಹತ್ತು ಸಲ ಕೂತು ಎದ್ದು ರೂಢಿಯಾದ ಮೇಲೆಯೇ ಹೊರಗೆ ಒಯ್ಯಿರಿ.

ತೋಲ ತಪ್ಪುವವರಿಗೂ ಕೂರುವ ಜಾಗ ಕೊಟ್ಟದ್ದು ನಾಲ್ಕು ಗಾಲಿಯ ವಾಕರ್, ಅಂದರೆ ರೋಲೇಟರ್. ಇದನ್ನು 1978ರಲ್ಲಿ ರೂಪಿಸಿದವರು ಸ್ವೀಡನ್ನಿನ ಐನಾ ವಿಫಾಲ್ಕ್. 21ನೇ ವಯಸ್ಸಿಗೆ ಪೋಲಿಯೊ ತಗಲಿದ ಹೆಣ್ಣುಮಗಳು, ತನಗೆ ಬೇಕಾದದ್ದು ಏನೆಂದು ತನಗೇ ಗೊತ್ತಿದ್ದವಳು. ಗಾಲಿ, ಬ್ರೇಕು, ಸೀಟು, ಬುಟ್ಟಿ. ಬುಟ್ಟಿಯಲ್ಲಿ ನೀರಿನ ಬಾಟಲಿ ಕೂರುತ್ತದೆ, ಕೈಗೆ ಹೊರೆಯಾಗುವುದಿಲ್ಲ. ಹಿಡಿ ಓಲಾಡುವುದಿಲ್ಲ, ಮೈ ಅದರ ಹಿಂದೆಯೇ ಇರುತ್ತದೆ. ಫ್ಯಾನು ಸಿಕ್ಕಿಸುವುದಾದರೆ ಇಲ್ಲಿ ಸಿಕ್ಕಿಸಿ, ಅದರ ಕತ್ತನ್ನು ಮೇಲಕ್ಕೆ ತಿರುಗಿಸಿದರೆ ಮುಖಕ್ಕೆ ಗಾಳಿ ಬರುತ್ತದೆ. ಚಪ್ಪರ ಅಥವಾ ಕೊಡೆ ಕಟ್ಟಿಕೊಳ್ಳುವ ಕ್ಲಿಪ್ಪೂ ಸಿಗುತ್ತದೆ. ಅದರ ಬಗ್ಗೆ ಮಾತ್ರ ಜಾಗ್ರತೆ. ನಮ್ಮಲ್ಲಿ ಮೇ ತಿಂಗಳ ಸಂಜೆ ಮಳೆಗೆ ಮುಂಚೆ ಬೀಸುವ ಗಾಳಿಗೆ ಕೊಡೆ ಹಾಯಿಯಾಗುತ್ತದೆ, ಗಾಲಿಯ ಗಾಡಿ ದೋಣಿಯಾಗುತ್ತದೆ. ಗಾಳಿ ಎದ್ದರೆ ಮೊದಲು ಬ್ರೇಕು, ಆಮೇಲೆ ಕೊಡೆ ಮಡಚುವುದು. ಫುಟ್‌ಪಾತಿನ ಚಪ್ಪಡಿಗಳು ಹಲ್ಲು ಬಿದ್ದ ಬಾಯಂತಿರುವ ಊರುಗಳಲ್ಲಿ ಇದು ಅಪಾರ್ಟ್‌ಮೆಂಟಿನ ಅಂಗಳಕ್ಕೆ, ಪಾರ್ಕಿಗೆ, ಆಸ್ಪತ್ರೆಯ ಕಾರಿಡಾರಿಗೆ ಮಾತ್ರ ಲಾಯಕ್ಕು ಎಂಬುದನ್ನೂ ಹೇಳಬೇಕು.

ಸಣ್ಣ ಸಂಗತಿಯೊಂದು ಉಳಿಯಿತು, ಹಿಡಿಯ ವಸ್ತು. ಬರಿ ಅಲ್ಯೂಮಿನಿಯಂ ಬಿಸಿಲಿನಲ್ಲಿ ಅರ್ಧ ಗಂಟೆ ನಿಂತರೆ ಮುಟ್ಟಿದ ಕೈ ಚುರ್ರೆನ್ನುತ್ತದೆ. ಮರ ಅದೇ ಬಿಸಿಲಲ್ಲಿದ್ದರೂ ಅಂಗೈಗೆ ಅಷ್ಟು ಬೇಗ ಶಾಖ ದಾಟಿಸುವುದಿಲ್ಲ. ಬೆತ್ತದ ಅಥವಾ ಮರದ ಹಿಡಿ ಬೆವರನ್ನೂ ಕೊಂಚ ಹೀರುತ್ತದೆ. ನುಣುಪು ಪ್ಲಾಸ್ಟಿಕ್ಕು ಬೆವರಿದ ಕೈಯಿಂದ ಜಾರುತ್ತದೆ. ಪ್ಲಾಸ್ಟಿಕ್ ಹಿಡಿಯೇ ಇದ್ದರೆ ಕ್ರಿಕೆಟ್ ಬ್ಯಾಟಿಗೆ ಸುತ್ತುವ ಗ್ರಿಪ್ ಸುತ್ತಿಸಿ.

ಹಣದ ಮಾತು ಬಂದರೆ, ಬಡ ಹಿರಿಯ ನಾಗರಿಕರಿಗೆ ಕೇಂದ್ರ ಸರ್ಕಾರದ ರಾಷ್ಟ್ರೀಯ ವಯೋಶ್ರೀ ಯೋಜನೆ 2017ರಿಂದ ಇದೆ. ಕೋಲು, ವಾಕರ್, ಮೂರು ಕಾಲಿನ ಕೋಲು ಇಂಥವು ಅದರಲ್ಲಿ ಉಚಿತ. ತಯಾರಿಸಿ ಹಂಚುವುದು ಕಾನ್ಪುರದ ಅಲಿಮ್ಕೊ ಎಂಬ ಸಂಸ್ಥೆ. ಅವುಗಳಲ್ಲಿ ಫ್ಯಾನಿಲ್ಲ. ಮೇಲಿನದನ್ನೆಲ್ಲ ಓದಿದವರಿಗೆ ಅದೊಂದು ಕೊರತೆ ಎನಿಸಲಿಕ್ಕಿಲ್ಲ. ಬೇಸಿಗೆಯಲ್ಲಿ ನಮ್ಮ ಭಾಗದ ಸರ್ಕಾರಿ ಕಚೇರಿಗಳನ್ನೇ ಬೆಳಿಗ್ಗೆ 8 ಗಂಟೆಗೆ ತೆರೆದು ಮಧ್ಯಾಹ್ನ ಒಂದೂವರೆಗೆ ಮುಚ್ಚುವ ರೂಢಿಯಿದೆ. ಕೋಲಿನವರೂ ಅದೇ ವೇಳಾಪಟ್ಟಿ ಹಿಡಿಯಲಿ, ಎಂಟಕ್ಕೆ ಹೋಗಿ ಒಂಬತ್ತರೊಳಗೆ ಮನೆ ಸೇರಲಿ. ಬಿಸಿಲಲ್ಲಿ ಹಿರಿಯರ ಮಾತು ತೊದಲಿದರೆ, ಎಲ್ಲಿದ್ದೇವೆಂಬುದೇ ತಿಳಿಯದಂತಾದರೆ ಯಾವ ಸಾಧನವನ್ನೂ ಹುಡುಕಬೇಡಿ. ನೆರಳಿಗೆ ಒಯ್ದು, ಮೈಗೆ ನೀರು ಹಾಕಿ, 108ಕ್ಕೆ ಫೋನ್ ಮಾಡಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹೊಯ್ಯಬಾರದು.

ಮುತ್ಯಾನ ಕೋಲಿನ ಕಥೆ ಇಷ್ಟು. ಎರಡು ಸ್ಕ್ರೂ ಬಿಚ್ಚಿದಾಗ ಫ್ಯಾನು ಬ್ಯಾಟರಿ ಸಮೇತ ಕಳಚಿ ಬಂತು. ನಿಲ್ಲಿಸಿ ಅಳತೆ ನೋಡಿದರೆ ಕೋಲು ಎರಡು ತೂತಿನಷ್ಟು ಎತ್ತರವಿತ್ತು, ಭುಜ ನೋಯುತ್ತದೆ ಎಂದು ಅವರು ಎರಡು ದಿನದಿಂದ ಅಂದುಕೊಳ್ಳುತ್ತಿದ್ದದ್ದು ಅದಕ್ಕೇ. ಇಳಿಸಿದೆವು, ಹೊಸ ಬುಷ್ ಹಾಕಿದೆವು. ಈಗ ಬೆಳಿಗ್ಗೆ ಏಳಕ್ಕೆ ಕತ್ತಿಗೆ ಒದ್ದೆ ಟವೆಲ್ಲು ಸುತ್ತಿಕೊಂಡು ಹೊರಡುತ್ತಾರೆ, ಗುಡಿಯ ಕಟ್ಟೆಯ ಮೇಲೆ ಒಂದು ಸಲ ಕೂರುತ್ತಾರೆ. ಫ್ಯಾನನ್ನು ಅವರ ಮನೆಯ ಆಯಿ ಅಡುಗೆಮನೆಯ ಕಪಾಟಿನ ಮೇಲಿಟ್ಟುಕೊಂಡು ರೊಟ್ಟಿ ಬಡಿಯುತ್ತಾರೆ. ಮೊನ್ನೆ ಪುಣೆಯಿಂದ ಫೋನ್ ಬಂದಾಗ ನಾನೂ ಅಲ್ಲೇ ಇದ್ದೆ. ಮುತ್ಯಾ ನನ್ನ ಕಡೆ ನೋಡದೆ ಹೇಳಿದರು: "ಫ್ಯಾನ್ ಭಾರಿ ಅದ ತಮ್ಮಾ. ಸೀದಾ ಮಾರಿಗೇ ಗಾಳಿ ಬರ್ತದ."